ತಿರುಗುವ ಸೊಂಡಿಲು

ನನ್ನ ಹೆಂಡತಿ ಬೇರೆಯವರ ಮಾತು ಕೇಳಿಯೇ ಸಂಬಳ ಪಡೆದವಳು. ಪುಣೆಯ ಅಂಚಿನ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಹೊರಗಿನಿಂದ ಬಂದ ಕರೆಗಳನ್ನು ಒಳಗಿನವರಿಗೆ ಜೋಡಿಸಿಕೊಡುವುದು ಅವಳ ಕೆಲಸ. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಒಂದೇ ಹದದ ದನಿ. ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಮಾತ್ರ ಧಾರವಾಡ ಹೊರಬೀಳುತ್ತಿತ್ತು. "ಹಲೋ ಅಂದ್ರ ಸಾಕ್ರಿ, ಈ ಮನಷ್ಯಾ ಉಂಡಾನೋ ಇಲ್ಲೋ ಹೇಳಿಬಿಡ್ತೀನಿ" ಎಂದು ಜಂಬ ಕೊಚ್ಚುತ್ತಿದ್ದಳು. ನಾನು ಕುಕ್ಕರು, ಮಿಕ್ಸರು, ಗ್ಯಾಸ್ ಒಲೆಗಳ ಬಿಡಿಭಾಗ ಮಾರುವ ಅಂಗಡಿಯವನು. ನನ್ನ ಗಿರಾಕಿಗಳು ಯಾರೂ ಉಂಡು ಬಂದಿರುವುದಿಲ್ಲ, ಕುಕ್ಕರು ಕೆಟ್ಟಿದ್ದಕ್ಕೇ ಬಂದಿರುತ್ತಾರೆ ಎಂದು ನಾನು ಅವಳ ಕಾಲೆಳೆಯುತ್ತಿದ್ದೆ.

ಇಷ್ಟೆಲ್ಲ ನೆನಪಿರುವ ನನಗೆ ಈಗ ಅವಳ ದನಿಯೇ ನೆನಪಾಗುವುದಿಲ್ಲ. ಮಾತುಗಳಿವೆ, ದನಿ ಇಲ್ಲ. ಒಮ್ಮೆ ಕೇಳಿದ ದನಿಯನ್ನು ಹತ್ತು ವರ್ಷ ಬಿಟ್ಟು ಗುರುತಿಸುತ್ತಿದ್ದವಳನ್ನು ಕಟ್ಟಿಕೊಂಡು, ನನ್ನ ಕಿವಿ ಇಷ್ಟು ದರಿದ್ರ ಆಗಬಾರದಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾರ್ಖಾನೆಗೆ ತಾನೇ ಕರೆ ಜೋಡಿಸುವ ಯಂತ್ರ ಬಂತು. ಇವಳನ್ನು ಸ್ಟೋರಿನಲ್ಲಿ ಕೂರಿಸಿದರು. ಕೆಲಸ ಉಳಿಯಿತು, ಕಿವಿ ಉಪವಾಸ ಬಿತ್ತು. ಆ ವರ್ಷ ಮಸ್ಕತ್‌ನಲ್ಲಿದ್ದ ಅವಳ ಅಣ್ಣ ರಜೆಗೆ ಬಂದಾಗ ತಂಗಿಗೆಂದು ಒಂದು ಸ್ಕ್ಯಾನರ್ ತಂದುಕೊಟ್ಟ. ಕೈಯಲ್ಲಿ ಹಿಡಿಯುವ ರೇಡಿಯೋ ಅದು. ಹಾಡು, ವಾರ್ತೆಗಾಗಿ ಮಾಡಿದ್ದಲ್ಲ. ಒಂದಾದ ಮೇಲೊಂದು ತರಂಗ ತಡವುತ್ತ ಹೋಗಿ, ಎಲ್ಲಿ ಯಾರಾದರೂ ಮಾತಾಡುತ್ತಿದ್ದಾರೋ ಅಲ್ಲಿ ನಿಂತುಬಿಡುತ್ತದೆ. ತಲೆಯ ಮೇಲೆ ಗೇಣುದ್ದದ ಕಪ್ಪು ರಬ್ಬರಿನ ಆಂಟೆನಾ. ಇಂಥದ್ದನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೆ ಕಾನೂನು ಏನನ್ನುತ್ತದೆ ಎಂದು ನಾವು ಯಾರನ್ನೂ ಕೇಳಲು ಹೋಗಲಿಲ್ಲ.

ನಮ್ಮ ಮನೆ ಖರಾಡಿಯಲ್ಲಿ, ಮೂರನೆಯ ಮಹಡಿ. ಆಗಿನ್ನೂ ಸುತ್ತ ಜೋಳದ ಹೊಲಗಳಿದ್ದವು. ಮಲಗುವ ಕೋಣೆಗೆ ಒಂದೇ ಕಿಟಕಿ, ಉತ್ತರಕ್ಕೆ. ಅದರಾಚೆ ದೂರದಲ್ಲಿ ಲೋಹಗಾಂವ್ ವಿಮಾನ ನಿಲ್ದಾಣ. ಕಿಟಕಿಯ ಕಟ್ಟೆಯ ಮೇಲೆ ಸ್ಕ್ಯಾನರ್ ನಿಲ್ಲಿಸಿದರೆ ವಿಮಾನಗಳಿಗೆ ಟವರಿನವರು ಇಳಿ, ಏರು, ಕಾಯಿ ಎಂದು ಹೇಳುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಸ್ಟೋರಿನಿಂದ ಬಂದವಳು ಚಹಾದ ಕಪ್ಪು ಹಿಡಿದು ಅಲ್ಲೇ ಕೂರುತ್ತಿದ್ದಳು.

"ಕದ್ದು ಕೇಳೋ ಚಟ ಹೋಗಲಿಲ್ಲ ನಿಂದು" ಎಂದರೆ, "ಕದಿಯೂದಲ್ರಿ. ಯಾರರೆ ಕೇಳ್ಳಿ ಅಂತನೇ ಅವ್ರು ಮಾತಾಡೂದು" ಎನ್ನುತ್ತಿದ್ದಳು.

ಟವರಿನಲ್ಲಿ ಮಾತಾಡುವವರಲ್ಲಿ ಒಬ್ಬ ನಮ್ಮ ಕಡೆಯವನೆಂದು ಅವಳು ಪತ್ತೆ ಹಚ್ಚಿದಳು. ಅವನು ಆಡುವುದೆಲ್ಲ ಇಂಗ್ಲಿಷು, ಅದರಲ್ಲೂ ಬರೀ ಅಂಕಿಗಳು. "ಆ ದನಿ ಇಳಸೂ ರೀತಿ ಕೇಳ್ರಿ. ಅಂವ ಹುಬ್ಬಳ್ಳಿ ಧಾರವಾಡದ ಕಡ್ಯಾಂವನೇ. ನಮ್ಮಾಂವ." ನನಗೆ ಎಲ್ಲ ಒಂದೇ, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಅವತ್ತಿನಿಂದ ಅವನಿಗೆ ನಮ್ಮ ಮನೆಯಲ್ಲಿ ಅದೇ ಹೆಸರು. "ನಮ್ಮಾಂವ ಇವತ್ತ ಡ್ಯೂಟಿ ಮ್ಯಾಲಿಲ್ಲ" ಎಂದು ಅವಳು ಬೇಜಾರಾದರೆ, ಅಡುಗೆಮನೆಯಿಂದ ನನ್ನ ಅವ್ವ, "ಆರಾಮಿಲ್ಲೇನೋ ಪಾಪ" ಎನ್ನುತ್ತಿದ್ದಳು. ಅವ್ವನಿಗೆ ಇಂಗ್ಲಿಷಿನ ಗಂಧಗಾಳಿ ಇರಲಿಲ್ಲ. ಆದರೂ ಅವನು ಉಂಡಿದ್ದಾನೋ ಇಲ್ಲವೋ ಎಂದು ಸೊಸೆಯನ್ನು ದಿನಾ ಕೇಳುತ್ತಿದ್ದಳು. ಸೊಸೆ ಸ್ವಲ್ಪ ಹೊತ್ತು ಆಲಿಸಿ, "ಉಂಡಾನ್ರಿ ಅತ್ತಿ" ಎಂದರೆ ಅವ್ವನಿಗೆ ಸಮಾಧಾನ. ನಮಗೆ ಮಕ್ಕಳಿರಲಿಲ್ಲ. ಮೂವರೇ ಇದ್ದ ಮನೆಯಲ್ಲಿ ಅವನೊಬ್ಬ ನಾಲ್ಕನೆಯವನಾದ.

ಕಾಯಿಲೆ ಮೊದಲು ನಾಲಿಗೆಗೆ ಬಂತು. ಮಾತು ತೊದಲತೊಡಗಿತು. ಹಲ್ಲಿನದಿರಬೇಕು ಎಂದು ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಆಮೇಲೆ ಕೈಯಿಂದ ಕಪ್ಪು ಜಾರಿತು. ದೊಡ್ಡ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ನರಗಳು ಒಂದೊಂದಾಗಿ ಸೋಲುತ್ತವೆ, ಇದಕ್ಕೆ ಔಷಧವಿಲ್ಲ ಎಂದರು. ಬುದ್ಧಿಗೂ ಕಿವಿಗೂ ಏನೂ ಆಗುವುದಿಲ್ಲ ಎಂದು ಸಮಾಧಾನವನ್ನೂ ಹೇಳಿದರು. ಆ ಸಮಾಧಾನಕ್ಕೆ ಬೆಂಕಿ ಬೀಳಲಿ ಎಂದು ನಾನು ರಸ್ತೆಗೆ ಬಂದು ಬೈದೆ. ದನಿಯನ್ನೇ ನಂಬಿ ಬದುಕಿದವಳ ದನಿ ಕಿತ್ತುಕೊಂಡು ಕಿವಿ ಬಿಟ್ಟುಹೋಗುವುದು ಯಾವ ನ್ಯಾಯ?

ಒಂದು ವರ್ಷದೊಳಗೆ ಅವಳು ಮಂಚ ಹಿಡಿದಳು. ಕೊನೆಗೆ ಅವಳ ಸ್ವಾಧೀನದಲ್ಲಿ ಉಳಿದದ್ದು ಬಲಗೈ ಹೆಬ್ಬೆರಳು. ಸ್ಕ್ಯಾನರನ್ನು ಎದೆಯ ಮೇಲಿಟ್ಟು ಅವಳ ಕೈಯನ್ನು ಅದಕ್ಕೆ ಒತ್ತಿಸಿದರೆ, ಆ ಹೆಬ್ಬೆರಳಿನಿಂದ ಗುಂಡಿ ಒತ್ತುತ್ತಿದ್ದಳು. ಒತ್ತಿದಾಗಲೆಲ್ಲ ಅದು ಕುಂಯ್ ಎನ್ನುತ್ತಿತ್ತು. ಒಂದು ಸಲ ಕುಂಯ್ ಅಂದರೆ ಹೌದು, ಎರಡು ಸಲ ಅಂದರೆ ಇಲ್ಲ. ನೀರು ಬೇಕೇ, ಫ್ಯಾನು ಸಾಕೇ, ನೋಯುತ್ತದೆಯೇ, ಎಲ್ಲದಕ್ಕೂ ಅದೇ ಉತ್ತರ. ಯಾರ ಮಾತು ಕೇಳಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು ಎಂಬುದನ್ನೂ ಆ ಬೆರಳೇ ತೀರ್ಮಾನಿಸುತ್ತಿತ್ತು. ಅವಳ ಸ್ವಂತದ್ದೆಂದು ಈ ಲೋಕದಲ್ಲಿ ಉಳಿದದ್ದು ಇಷ್ಟೇ. ಇದನ್ನು ಕೊನೆಯತನಕ ಉಳಿಸಿಕೊಡಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಆದರೆ ಸ್ಕ್ಯಾನರ್ ಮಲಗಿದರೆ ಆಂಟೆನಾವೂ ಮಲಗುತ್ತದೆ. ಆಂಟೆನಾ ಮಲಗಿತೆಂದರೆ ಟವರಿನ ಮಾತು ಬರೀ ಸರಸರ. ಮೇಲಾಗಿ ಅದರ ತುದಿ ಅವಳ ಗದ್ದಕ್ಕೆ ಚುಚ್ಚುತ್ತಿತ್ತು. ಕಿಟಕಿಯಿಂದ ತಂತಿ ಎಳೆದು ನೋಡಿದೆ. ತಂತಿಯ ಭಾರಕ್ಕೆ ಸ್ಕ್ಯಾನರ್ ಅವಳ ಕೈಯಿಂದ ಜಾರಿ ಜಾರಿ ಬಿತ್ತು. ಕಪಾಟು, ಬಾಗಿಲು ಬಿಟ್ಟರೆ ಆ ಕೋಣೆಯಲ್ಲಿ ಮಂಚ ಉದ್ದಕ್ಕೆ ಮಾತ್ರ ಹಿಡಿಯುತ್ತಿತ್ತು. ತಲೆ ದಕ್ಷಿಣಕ್ಕೆ, ಕಾಲು ಕಿಟಕಿಯ ಕಡೆ. ತಿರುಗಿಸಿ ಮಲಗಿಸಿದರೆ ತಲೆ ಕಿಟಕಿಯ ಬುಡಕ್ಕೇ ಬಂದು ಎಲ್ಲ ಸುಲಭವಾಗುತ್ತಿತ್ತು. ಅವಳು ಇನ್ನೂ ಒಂದೊಂದು ಮಾತು ತೊದಲುತ್ತಿದ್ದ ದಿನಗಳಲ್ಲೇ ಅದನ್ನು ಕೇಳಿದ್ದಳು. ಅವ್ವ ಮಂಚದ ಕಾಲು ಹಿಡಿದು ನಿಂತುಬಿಟ್ಟಳು.

"ಉತ್ತರಕ್ಕ ತಲಿ ಮಾಡಿ ಮಲಗಸ್ತೀಯಾ? ಹಂಗ ಮಲಗಿದ ಆನಿ ತಲಿ ಏನಾತು? ಗಣಪ್ಪಗ ಕಡದು ಹಚ್ಚಿದ್ರು. ಜಡ್ಡಿನ ಮನಷ್ಯಾಳನ್ನ ನಾ ಹಂಗ ಮಲಗಸಗೊಡೂದಿಲ್ಲ."

"ಅವ್ವಾ, ಡಾಕ್ಟರಗೇ ಏನೂ ತಿಳಿವಲ್ಲದು. ದಿಕ್ಕು ಏನ್ ಮಾಡ್ತದ?"

"ತಿಳಿವಲ್ಲದು ಅಂತನೇ ಹೇಳಲಿಕ್ಕೆ ಹತ್ತೀನಿ. ತಿಳದಿದ್ರ ನಾ ಯಾಕ ಹೆದರತಿದ್ದೆ?"

ನಾನು ದನಿ ಏರಿಸಿದೆ. ಅವ್ವ ಅತ್ತಳು. ಮಂಚದ ಮೇಲಿಂದ ಅವಳು ಬಹಳ ಕಷ್ಟಪಟ್ಟು ಅಂದಳು: "ಬಿಡ್ರಿ. ಅತ್ತಿ... ಹೆದರತಾರ." ಅವಳ ಬಾಯಿಂದ ಬಂದ ಪೂರ್ತಿ ಮಾತುಗಳಲ್ಲಿ ನನಗೆ ನೆನಪಿರುವ ಕೊನೆಯದು ಅದು. ತನಗೆ ಬೇಕಾದ್ದನ್ನು ಬಿಟ್ಟುಕೊಡುವುದಕ್ಕೆ ಅದನ್ನು ಖರ್ಚು ಮಾಡಿದಳು.

ಸರಿ, ಮಂಚ ತಿರುಗದಿದ್ದರೆ ಆಂಟೆನಾ ತಿರುಗಲಿ ಎಂದು ನಾನು ಹಟ ಹಿಡಿದೆ. ಮೊದಲು ಅದನ್ನು ಬಗ್ಗಿಸಿ ದಾರ ಕಟ್ಟಿದೆ. ರಬ್ಬರು ದಾರವನ್ನು ಕಿತ್ತುಕೊಂಡು ಮತ್ತೆ ನೆಟ್ಟಗಾಯಿತು. ಒಂದು ಗುರುವಾರ, ಅಂಗಡಿಗೆ ರಜೆ, ಸ್ಕ್ಯಾನರನ್ನು ಜೇಬಿನಲ್ಲಿಟ್ಟುಕೊಂಡು ಬುಧವಾರ ಪೇಟೆ ಎಂಬ ಬಡಾವಣೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳನ್ನು ಸುತ್ತಿದೆ. ಕೇಳಿದವರಿಗೆ ಸಾಮಾನು ಮಾರಿ ಅಭ್ಯಾಸವಿದ್ದ ನನಗೆ ನಾನೇ ಕೇಳುವ ಅಭ್ಯಾಸವಿರಲಿಲ್ಲ. ನಾಲ್ಕು ಕಡೆ ಏನೇನೋ ಹೇಳಿ ನಗಿಸಿಕೊಂಡೆ. ಐದನೆಯವನು ನನ್ನ ಮುಂಗೈಯನ್ನು ಹಿಡಿದು ಮಡಚಿ, "ಎಲ್ಬೋ ಪಾಯಿಜೆ ಕಾ, ಕಾಕಾ?" ಎಂದ. ಹೌದಪ್ಪಾ, ಅದೇ ಬೇಕು ಎಂದೆ. ಮೊಣಕೈಯಂತೆ ಬಾಗಿದ ಒಂದು ಪುಟ್ಟ ಲೋಹದ ತುಂಡು. ಒಂದು ತುದಿ ಸ್ಕ್ಯಾನರಿನ ತಲೆಗೆ ಸಿಕ್ಕಿಸಿ ತಿರುವಿದರೆ ಕೂರುತ್ತದೆ, ಇನ್ನೊಂದು ತುದಿಗೆ ಆಂಟೆನಾ. ಕೇಬಲ್ ಟಿವಿಯವರು ಬಳಸುವಂಥದ್ದು.

ಮನೆಗೆ ಬಂದು ಹಾಕಿದೆ. ಸ್ಕ್ಯಾನರ್ ಎದೆಯ ಮೇಲೆ ಅಂಗಾತ ಮಲಗಿತ್ತು, ಆಂಟೆನಾ ಎದ್ದು ಸೂರು ನೋಡುತ್ತಿತ್ತು. ಟವರಿನ ದನಿ ಕೋಣೆ ತುಂಬಿತು. ನಾನು ಇನ್ನೇನು ಗೆದ್ದೆ ಅನ್ನುವಷ್ಟರಲ್ಲಿ ಮೊಣಕೈ ತನ್ನ ಭಾರಕ್ಕೆ ತಾನೇ ಗಿರಕಿ ಹೊಡೆದು, ಆಂಟೆನಾ ಅವಳ ಭುಜದ ಮೇಲೆ ಬಿತ್ತು. ಆ ಜೋಡಣೆ ಸಲೀಸಾಗಿ ತಿರುಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ತಿರುಗಬೇಕು, ತಿರುಗಿಸಿದಲ್ಲಿ ನಿಲ್ಲಲೂಬೇಕು. ನಾಳೆ ನೋಡೋಣ ಎಂದು ಅವಳಿಗೆ ಹೇಳಿದೆ.

ಇದು ಮಾತ್ರ ನನ್ನ ಅಂಗಡಿಯ ವಿದ್ಯೆ. ಸಡಿಲವಾದದ್ದಕ್ಕೆ ವಾಷರು. ಮರುದಿನ ಅಂಗಡಿಯ ಡಬ್ಬಿಗಳನ್ನೆಲ್ಲ ಬಗ್ಗಿಸಿದೆ. ಕುಕ್ಕರಿನದು ದಪ್ಪವಾಗಿ ಜೋಡಣೆ ಕೂರಲಿಲ್ಲ. ಒಲೆಯದು ತೀರ ಗಟ್ಟಿ. ಕೊನೆಗೆ ಮಿಕ್ಸರಿನ ಜಾರಿನ ತಳಕ್ಕೆ ಹಾಕುವ ತೆಳ್ಳನೆಯ ರಬ್ಬರ್ ಉಂಗುರವನ್ನು ಬ್ಲೇಡಿನಿಂದ ಸವರಿ ಮೊಣಕೈಯ ಕುತ್ತಿಗೆಗೆ ತೊಡಿಸಿದಾಗ, ಹದವಾಗಿ ಹಿಡಿದುಕೊಂಡಿತು. ಬೆರಳಿನಿಂದ ತಳ್ಳಿದರೆ ತಿರುಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಗಿರಾಕಿಯೊಬ್ಬಳು ಎದುರಿಗೆ ನಿಂತು ಕುಕ್ಕರಿನ ಸೀಟಿ ಕೊಡಿ ಸೀಟಿ ಕೊಡಿ ಅನ್ನುತ್ತಿದ್ದಳು. ನಾನು ಕುರ್ಚಿಯಲ್ಲಿ ಕೂತು ಒಬ್ಬನೇ ನಗುತ್ತಿದ್ದೆ.

ಸಂಜೆ ಅದನ್ನು ಎದೆಯ ಮೇಲಿಟ್ಟೆ. ಟವರಿನಿಂದ ಒಬ್ಬ ಮಾತಾಡುತ್ತಿದ್ದ. "ಇಂವನೇ ಏನು ನಮ್ಮಾಂವ?" ಎಂದೆ. ಕುಂಯ್. ಅವಳ ಕಣ್ಣಿನಿಂದ ನೀರು ಕಿವಿಯ ಕಡೆ ಹರಿಯಿತು. ನಾನು ಅವಳ ಸೆರಗಿನಿಂದಲೇ ಒರೆಸಿದೆ. ಅವ್ವ ಬಾಗಿಲಲ್ಲಿ ನಿಂತು ಆಂಟೆನಾ ನೋಡಿ, "ಅಯ್ಯ, ಗಣಪ್ಪನ ಸೊಂಡಿಲಾತಲ್ಲೋ ಇದು" ಅಂದಳು.

ಅವತ್ತಿನಿಂದ ಹಗಲು ಸೊಂಡಿಲು ಅವ್ವನ ಜವಾಬ್ದಾರಿ. ಬೆನ್ನು ಹುಣ್ಣಾಗದಂತೆ ಸೊಸೆಯನ್ನು ಆಗಾಗ ಮಗ್ಗುಲು ಬದಲಿಸಿ ಮಲಗಿಸಬೇಕಿತ್ತು. ಮಗ್ಗುಲು ಬದಲಿದರೆ ಸ್ಕ್ಯಾನರ್ ಹೊರಳುತ್ತಿತ್ತು, ಆಂಟೆನಾ ಗೋಡೆಯ ಕಡೆ ನೋಡುತ್ತಿತ್ತು. ಅವ್ವ ಮೊದಲು ಸೊಸೆಯನ್ನು ತಿರುಗಿಸಿ, ದಿಂಬು ಒತ್ತಿ, ಆಮೇಲೆ ಸೊಂಡಿಲನ್ನು ಮೇಲಕ್ಕೆ ತಿರುಗಿಸುತ್ತಿದ್ದಳು. "ಈಗ ಛಲೋ ಕೇಳಸ್ತದೇನವಾ? ಇನ್ನೊಂದು ಚೂರು?" ಕುಂಯ್ ಅನ್ನುವ ತನಕ ಬಿಡುತ್ತಿರಲಿಲ್ಲ. ಅಂಗಡಿಯಿಂದ ಬಂದರೆ ಮೆಟ್ಟಿಲ ಮೇಲೇ ಟವರಿನ ದನಿಯೂ ಅವ್ವನ ಕನ್ನಡವೂ ಒಟ್ಟಿಗೆ ಕೇಳುತ್ತಿದ್ದವು. ಆ ಮನೆಯಲ್ಲಿ ನಾನು ಸುಖವಾಗಿದ್ದೆ ಎಂದು ಬರೆದರೆ ಯಾರೂ ನಂಬಲಿಕ್ಕಿಲ್ಲ. ಇದ್ದೆ. ಆ ಒಂದು ಮಳೆಗಾಲ, ಒಂದು ಚಳಿಗಾಲ.

ಬೇಸಿಗೆಗೆ ಎರಡು ಒಟ್ಟಿಗೇ ಆದವು. ನಮ್ಮ ಕಿಟಕಿಯೆದುರಿನ ಹೊಲದಲ್ಲಿ ದೊಡ್ಡ ಆಫೀಸು ಕಟ್ಟಡವೊಂದು ಏಳತೊಡಗಿತು. ಮಹಡಿ ಏರಿದಂತೆ ಟವರಿನ ಮಾತು ಕ್ಷೀಣವಾಗುತ್ತ ಬಂತು. ಸೊಂಡಿಲನ್ನು ಎತ್ತ ತಿರುಗಿಸಿದರೂ ಮಂಚದ ಮೇಲೆ ಸರಸರವೇ. ಕಿಟಕಿಯ ಕಟ್ಟೆಯ ಒಂದು ಮೂಲೆಯಲ್ಲಿ ಇಟ್ಟರೆ ಮಾತ್ರ ದನಿ ಹಿಡಿಯುತ್ತಿತ್ತು. ಅಲ್ಲಿ ಇಟ್ಟರೆ ಅದು ಅವಳ ಕಾಲಿಗೆ ಹತ್ತಿರ, ಕಿವಿಗೆ ದೂರ. ದನಿ ಏರಿಸಿದರೆ ಬರೀ ಗೊರಗೊರ. ಇನ್ನೊಂದು, ಅವಳ ಹೆಬ್ಬೆರಳು ನಿಂತಿತು. ಅವ್ವ ಬೆಳಿಗ್ಗೆ, "ಛಲೋ ಕೇಳಸ್ತದೇನವಾ?" ಎಂದು ಕೇಳಿದಳು. ಮತ್ತೆ ಕೇಳಿದಳು. ನಾನು ಅವಳ ಬೆರಳನ್ನು ಗುಂಡಿಯ ಮೇಲಿಟ್ಟು ಕಾದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಹೌದೋ ಇಲ್ಲವೋ ಇನ್ನು ಮುಂದೆ ಯಾವತ್ತೂ ಗೊತ್ತಾಗುವುದಿಲ್ಲ ಎಂದು ನನಗೂ ಅವಳಿಗೂ ಒಂದೇ ಸಲಕ್ಕೆ ತಿಳಿಯಿತು.

ಅವತ್ತು ನಾನು ಅಂಗಡಿಗೆ ಹೋಗಲಿಲ್ಲ. ಮಧ್ಯಾಹ್ನ ಅವ್ವ ದೇವರ ಮುಂದೆ ಬಹಳ ಹೊತ್ತು ಕೂತಿದ್ದು, ಎದ್ದು ಬಂದು ಮಂಚದ ಕಾಲ ಹತ್ತಿರ ನಿಂತಳು. ಅದೇ ಕಾಲು, ಅದೇ ಜಾಗ.

"ತಿರಗಸಪ್ಪಾ ಮಂಚ."

ನನಗೆ ಅರ್ಥವಾಗಲಿಲ್ಲ. "ಎಲ್ಲಿಗೆ?"

"ಕಿಟಕಿ ಕಡೆ ತಲಿ ಮಾಡು. ಅಕಿ ಕೇಳ್ಳಿ. ಕೇಳೂದೊಂದೇ ಉಳದದ ಅಕೀಗೆ. ಹಿಡಿ, ಆ ಕಡೆ ನಾ ಹಿಡೀತೀನಿ."

ದಿಕ್ಕು ಏನು ಮಾಡುತ್ತದೆ ಎಂದು ಅರಚಾಡಿದ್ದ ನಾನೇ ಆಗ ಹಿಂಜರಿದೆ. ಅವ್ವ ಆಗಲೇ ಬಗ್ಗಿ ಆ ಕಡೆ ಹಿಡಿದಿದ್ದಳು. ಇಬ್ಬರೂ ಸೇರಿ, ಅವಳು ಮಲಗಿದ್ದಂತೆಯೇ, ಕಪಾಟಿಗೆ ತಾಗದ ಹಾಗೆ ಮಂಚವನ್ನು ಸುತ್ತಿಸಿದೆವು. ತಲೆ ಉತ್ತರಕ್ಕೆ ಬಂತು. ಸ್ಕ್ಯಾನರನ್ನು ಕಟ್ಟೆಯ ಮೂಲೆಯಲ್ಲಿ, ಅವಳ ಕಿವಿಯ ಪಕ್ಕಕ್ಕೇ ಇಟ್ಟೆ. ಅವ್ವ ಸೊಂಡಿಲು ತಿರುಗಿಸಿದಳು. ದನಿ ಬಂತು, ಹಳೆಯ ದಿನಗಳ ಹಾಗೆ, ಪಕ್ಕದಲ್ಲೇ ಯಾರೋ ಕೂತು ಮಾತಾಡಿದ ಹಾಗೆ. ಅವಳು ಕಣ್ಣು ಮುಚ್ಚಿದಳು. ಆಲಿಸುವಾಗ ಅವಳು ಮುಚ್ಚುತ್ತಿದ್ದದ್ದು ಹಾಗೆಯೇ, ಬೋರ್ಡಿನ ಮುಂದೆಯೂ. ಅದೇ ವಾರ, ಒಂದು ಬೆಳಿಗ್ಗೆ, ಹಾಗೆ ಮುಚ್ಚಿದ ಕಣ್ಣನ್ನು ತೆರೆಯಲಿಲ್ಲ. ಸ್ಕ್ಯಾನರ್ ಮಾತಾಡುತ್ತಲೇ ಇತ್ತು.

ಅವ್ವ ಬಂದವರಿಗೆಲ್ಲ ಒಂದೇ ಮಾತು ಹೇಳಿದಳು. ನಮ್ಮವರಿಗೆ, "ನಾನೇ ತಿರಗಿಸಿ ಕೊಂದೆ." ನೆರೆಯ ಮರಾಠಿ ಹೆಂಗಸರಿಗೆ, "ಮೀಚ್ ಫಿರವಲಾ ಪಲಂಗ್," ಮಂಚ ತಿರುಗಿಸಿದ್ದು ನಾನೇ ಎಂದು. ಅವರಿಗೆ ಅರ್ಥವಾಗದೆ ಅವಳ ಬೆನ್ನು ಸವರುತ್ತಿದ್ದರು. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ, ಉಸಿರಿನ ನರ ಸೋತಿತ್ತು, ಹೇಗೆ ಮಲಗಿಸಿದ್ದರೂ ಆಗುತ್ತಿತ್ತು ಎಂದೆ. "ಹೌದಪ್ಪಾ" ಅನ್ನುತ್ತಿದ್ದಳು, ನಂಬದೆ.

ತಿಂಗಳಾದ ಮೇಲೆ ಆ ಮಂಚದಲ್ಲಿ ಅವ್ವ ಮಲಗತೊಡಗಿದಳು. ನಾನು ಅದನ್ನು ಮೊದಲಿನಂತೆ ತಿರುಗಿಸಿ ಇಟ್ಟಿದ್ದೆ. ಒಂದು ದಿನ ಬೆಳಿಗ್ಗೆ ಚಹಾ ಒಯ್ದರೆ ದಿಂಬು ಕಿಟಕಿಯ ಕಡೆಗಿತ್ತು, ಅವ್ವನ ತಲೆಯೂ. ಕಾಲ ಕಡೆ ಬಿಸಿಲು ಬರುತ್ತದೆ ಎಂದು ಏನೋ ನೆಪ ಹೇಳಿದಳು. ಆ ಕಿಟಕಿಗೆ ಬಿಸಿಲೇ ಬರುವುದಿಲ್ಲ. ನಾನು ದಿಂಬು ದಕ್ಷಿಣಕ್ಕೆ ಇಟ್ಟರೆ ಮರುದಿನ ಮತ್ತೆ ಉತ್ತರಕ್ಕೆ. ಹುಟ್ಟಿದಾಗಿನಿಂದ ಆ ದಿಕ್ಕಿಗೆ ತಲೆಯಿಟ್ಟವಳಲ್ಲ. ಈಗ ಇಟ್ಟು, ಬೆಳಿಗ್ಗೆ ಎಚ್ಚರಾದರೆ ಸೂರು ನೋಡಿ, "ಯಮಗ ನನ್ನ ಮನಿ ಸಿಗವಲ್ಲದು" ಎಂದು ಸಿಟ್ಟಿನಿಂದ ಹಾಸಿಗೆ ಮಡಚುತ್ತಿದ್ದಳು.

ವರ್ಷಗಳು ಹೋದವು. ಎದುರಿನ ಕಟ್ಟಡಕ್ಕೆ ಗಾಜು ಬಂತು, ಅದರ ಪಕ್ಕದಲ್ಲಿ ಮತ್ತೊಂದು ಬಂತು. ಅವ್ವನಿಗೆ ನೆಗಡಿಯೂ ಆಗಲಿಲ್ಲ. ಒಂದು ಗುರುವಾರ ಸಂಜೆ ನಾನು ಧೈರ್ಯ ಮಾಡಿ ಅಂದೆ: "ನೋಡವ್ವಾ, ಇಷ್ಟು ವರ್ಷ ಉತ್ತರಕ್ಕ ತಲಿ ಹಾಕಿದಿ. ನಿನಗೇನಾತು? ಏನೂ ಆಗಲಿಲ್ಲ. ಅಂದ್ರ ಅಕೀಗೂ ದಿಕ್ಕಿನಿಂದ ಆಗಿಲ್ಲ. ನೀ ಕೊಂದಿಲ್ಲವ್ವಾ."

ಅವ್ವ ದಿಂಬನ್ನು ತಟ್ಟಿ ಕಿಟಕಿಯ ಕಡೆಗೇ ಇಟ್ಟಳು. ಆಮೇಲೆ, "ನಾನೂ ಅದನ್ನೇ ನೋಡಲಿಕ್ಕೆ ಹತ್ತಿದ್ದೆ" ಎಂದಳು. ಸಾಯಲೆಂದು ಮಲಗುತ್ತಿದ್ದಾಳೆ ಎಂದುಕೊಂಡಿದ್ದೆ ನಾನು. ಸಾಯುತ್ತೇನೋ ಇಲ್ಲವೋ ಎಂದು ನೋಡಲು ಮಲಗಿದ್ದಳು. ಇಷ್ಟು ವರ್ಷ, ಒಬ್ಬಳೇ.

"ಆ ರೇಡಿಯೋ ಹಚ್ಚು" ಅಂದಳು.

ಕಪಾಟಿನಿಂದ ತೆಗೆದೆ. ಹೊಸ ಸೆಲ್ ಹಾಕಿದೆ, ಕಟ್ಟೆಯ ಆ ಮೂಲೆಯಲ್ಲಿ ಇಟ್ಟೆ, ಸೊಂಡಿಲು ಎತ್ತಿದೆ. ಅದು ಕೆಳಗೆ ಬಿತ್ತು. ಕುತ್ತಿಗೆಯ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಅಂಥ ಉಂಗುರ ನನ್ನ ಅಂಗಡಿಯಲ್ಲಿ ಡಬ್ಬಿ ತುಂಬ ಇವೆ. ಅಂಗಡಿ ಇರುವುದು ಊರಿನ ಆ ತುದಿಗೆ. ಆಂಟೆನಾವನ್ನು ಬೆರಳಿನಿಂದ ಎತ್ತಿ ಹಿಡಿದು ನಿಂತೆ. ಗೊರಗೊರದ ನಡುವೆ ದನಿಗಳು ಬಂದವು, ಒಂದಾದ ಮೇಲೊಂದು. ಈಗ ವಿಮಾನಗಳು ಹೆಚ್ಚು.

ಅವ್ವ ಕಿಟಕಿಯ ಕಡೆ ಕಿವಿ ಕೊಟ್ಟು ಮಲಗಿದಳು. "ಇವರೊಳಗ ನಮ್ಮಾಂವ ಯಾಂವಪ್ಪಾ?"

ನನಗೇನು ಗೊತ್ತು. ಅವನು ಈ ಊರಿನಲ್ಲಿ ಇದ್ದಾನೋ, ವರ್ಗವಾಗಿ ಹೋದನೋ. ಅವನನ್ನು ಗುರುತಿಸುತ್ತಿದ್ದವಳು ಒಬ್ಬಳೇ. ಅವಳ ಜೊತೆಗೆ ಅವನೂ ಹೋದ. ಮುಂದಿನ ದನಿ ಬಂದಾಗ, "ಇಂವನೇ, ಅವ್ವಾ" ಎಂದೆ.

ಅವ್ವ ಕಣ್ಣು ಮುಚ್ಚಿ ಆಲಿಸಿದಳು. "ಉಂಡಾನೇನು?"

"ಉಂಡಾನವ್ವಾ."

ಅವಳಿಗೆ ನಿದ್ದೆ ಹತ್ತುವವರೆಗೂ ನಾನು ಆಂಟೆನಾ ಹಿಡಿದುಕೊಂಡೇ ನಿಂತಿದ್ದೆ.